ಕವಚದೊಳಗಿನ ಬೇಸಿಗೆ

ದೊಡ್ಡಾಟದ ಭೀಮ ಅಟ್ಟ ಏರಿ ಒಂದು ಸುತ್ತು ಕುಣಿದನೆಂದರೆ ಜನರ ಕಣ್ಣೆಲ್ಲ ಅವನ ಗದೆಯ ಮೇಲೆ. ನನ್ನ ಕಣ್ಣು ಮಾತ್ರ ಅವನ ಕಿವಿಯ ಹಿಂದೆ ಇಳಿಯುವ ಬೆವರನ್ನೇ ಹುಡುಕುತ್ತದೆ. ತಲೆಯ ಮೇಲೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಎದೆ ತುಂಬ ಕವಚ, ನಡುವಿಗೆ ಪಟ್ಟಿ, ಕಾಲಿಗೆ ಗೆಜ್ಜೆ. ಇಷ್ಟೆಲ್ಲ ಬಿಗಿದುಕೊಂಡ ಮನುಷ್ಯ ನಮ್ಮ ಸಿಂಧನೂರು ಸೀಮೆಯ ಬೇಸಿಗೆಯಲ್ಲಿ ರಾತ್ರಿಯಿಡೀ ಕುಣಿದು, ಹಾಡಿ, ಬೆಳ್ಳಿ ಮೂಡುವ ಹೊತ್ತಿಗೂ ಗುಡುಗುತ್ತಾನಲ್ಲ, ಅದಕ್ಕಿಂತ ದೊಡ್ಡ ಪರಾಕ್ರಮ ಕಥೆಯೊಳಗೂ ಇಲ್ಲ ಅಂತ ನನ್ನ ನಂಬಿಕೆ.

ಗೊರೇಬಾಳದ ಬಿಸಿಲು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಆಟ ಆಡುವುದೂ ಅದೇ ಹೊತ್ತಿನಲ್ಲೇ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಬೇಕು, ಊರಿಗೆ ಬಿಡುವಾಗಬೇಕು, ಜಾತ್ರೆ ಬರಬೇಕು. ತಿಂಗಳುಗಟ್ಟಲೆ ತಾಲೀಮು ಮಾಡಿಸಿದ ಮಾಸ್ತರರು ಸೈ ಅನ್ನಬೇಕು. ಅಷ್ಟೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಹಿರಿಯರು ಆಟವನ್ನು ರಾತ್ರಿಗೆ ಇಟ್ಟದ್ದಕ್ಕೆ ಕಾರಣ ಹಲವಿರಬಹುದು. ವೇಷ ಕಟ್ಟಿದವನ ಮೈಗೆ ಮಾತ್ರ ಅದು ದೊಡ್ಡ ಉಪಕಾರ.

ರಾತ್ರಿಯ ಆಸರೆಯೂ ಇಲ್ಲದವರು ಹಗಲುವೇಷಗಾರರು. ಇವತ್ತು ರಾಮ, ನಾಳೆ ರಾವಣ, ನಾಡಿದ್ದು ಮಾರುತಿ ಅಂತ ಬಿಸಿಲಲ್ಲೇ ಮನೆ ಮನೆ ತಿರುಗುವ ಅವರ ಬದುಕಿನ ಬಗ್ಗೆ ಬೇರೆಯೇ ಬರೆಯಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಅವರು ಬಾಗಿಲಿಗೆ ಬಂದಾಗ ಕಾಳು, ದುಡ್ಡು ಕೊಡುವ ಮೊದಲು ಒಂದು ಚೆಂಬು ನೀರು ಕೊಡಿ.

ಭಾರದಿಂದ ಸೆಕೆ ಅಂತ ಎಲ್ಲರೂ ತಿಳಿಯುತ್ತಾರೆ. ಆದರೆ ಆಟದ ಆಭರಣ ನೋಡಿದಷ್ಟು ಭಾರವಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆಗೆ ಪೊಣಕಿ ಮರ ಬಳಸುತ್ತಾರಲ್ಲ, ಅಂಥ ಹಗುರ ಮರಗಳನ್ನೇ ಹಿಂದಿನವರು ಕಿರೀಟ, ಭುಜಕೀರ್ತಿಗೂ ಆಯ್ದರು. ಮೇಲೆ ಬೇಗಡೆ, ಕನ್ನಡಿ ಚೂರು ಅಂಟಿಸಿದರೆ ಬೆಳಕಿಗೆ ಬಂಗಾರವಾಯಿತು. ಕಾಡುವುದು ಗಾಳಿಯಾಡದ ಬಿಗಿತ. ಕುಣಿಯುವ ಮೈ ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಒಂದು ಲೀಟರು ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆರದೆ ತೊಟ್ಟಿಕ್ಕಿ ಬಿದ್ದ ಬೆವರಿನಿಂದ ಮೈಗೆ ಯಾವ ತಂಪೂ ಇಲ್ಲ. ಕವಚದ ಅಡಿಯಲ್ಲಿ ಆಗುವುದು ಅದೇ. ಮುಖಕ್ಕೆ ಎಣ್ಣೆಯಲ್ಲಿ ಕಲಸಿದ ಬಣ್ಣ ಬೇರೆ. ಅದರ ಮೇಲೆ ನಮ್ಮ ಕಾಲುವೆಯ ಕೃಪೆ! ತುಂಗಭದ್ರಾ ಎಡದಂಡೆಯ ನೀರು ಗದ್ದೆಯಲ್ಲಿ ನಿಂತ ದಿನಗಳಲ್ಲಿ ಸಂಜೆಯ ಗಾಳಿ ಒದ್ದೆಯಾಗಿರುತ್ತದೆ. ಅದೇ ನೀರಿನಿಂದ ಅನ್ನ ಉಣ್ಣುವವರು ನಾವು, ದೂರಲಾರೆ. ಬೆವರು ಆರುವುದು ಮಾತ್ರ ಇನ್ನಷ್ಟು ತಡ.

ಬಣ್ಣದ ಮನೆಯಲ್ಲಿ ವೇಷ ಕಟ್ಟುವುದನ್ನು ಹತ್ತಿರದಿಂದ ನೋಡಿದರೆ ಉಪಾಯವೆಲ್ಲ ಅಲ್ಲೇ ಕಾಣುತ್ತದೆ. ಮೊದಲು ತಲೆಗೆ ಹಳೆಯ ಧೋತರದ ಅರಿವೆಯನ್ನು ಪಟ್ಟಿ ಪಟ್ಟಿಯಾಗಿ ಸುತ್ತುತ್ತಾರೆ. ಕಿರೀಟದ ಅಂಚು ಹಣೆಗೆ ಒತ್ತುವುದಿಲ್ಲ, ಬೆವರು ಕಣ್ಣಿಗಿಳಿಯುವ ಮುಂಚೆ ಅರಿವೆ ಹೀರುತ್ತದೆ. ಎದೆಗೆ ತೊಳೆದು ತೊಳೆದು ಮೆತ್ತಗಾದ ಹತ್ತಿಯ ಅಂಗಿ. ದಾರ ಬಿಗಿಯುವಾಗ ಕಟ್ಟುವ ಅನುಭವಿ "ಉಸಿರು ತಗೊಳ್ರೀ" ಅನ್ನುತ್ತಾನೆ. ಎದೆ ಉಬ್ಬಿದಾಗಲೇ ಗಂಟು. ಉಸಿರು ಬಿಟ್ಟಾಗ ಎರಡು ಬೆರಳು ಹೋಗುವಷ್ಟು ಸಂದಿ ಉಳಿಯುತ್ತದೆ. ಕುಣಿದಾಗ ಗಾಳಿ ಓಡಾಡುವುದು ಆ ಎರಡು ಬೆರಳ ಜಾಗದಲ್ಲೇ. ಈಗ ಬಾಡಿಗೆಗೆ ಬರುವ ಮಖಮಲ್ಲಿನ, ನೈಲಾನ್ ಅಸ್ತರಿನ ಡ್ರೆಸ್ಸುಗಳಲ್ಲಿ ಹೊಳಪು ಜಾಸ್ತಿ, ಆ ಸಂದಿ ಇಲ್ಲ. ನನಗೆ ಅವುಗಳ ಮೇಲೆ ಒಲವಿಲ್ಲ. ಒಳಗೊಂದು ಹತ್ತಿಯ ಬನಿಯನ್ ಇರಲಿ, ಬೆನ್ನಿನ ಅಸ್ತರವನ್ನಾದರೂ ಬಿಚ್ಚಿಸಿ.

ವೇಷ ಕಟ್ಟಿದ ಮೇಲೆ ನೀರು ಕುಡಿಯಲು ಹಿಂಜರಿಯುವವರೇ ಹೆಚ್ಚು, ಬಹಿರ್ದೆಸೆಗೆ ಹೋಗುವ ಕಷ್ಟ ಯಾರಿಗೆ ಬೇಕು ಅಂತ. ಅದು ಅಪಾಯ. ಸಂಜೆಯಿಂದಲೇ ಉಪ್ಪು ಹಾಕಿದ ಮಜ್ಜಿಗೆಯೋ ಜೋಳದ ಅಂಬಲಿಯೋ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತಿರಬೇಕು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಸಾಲದು. ಇನ್ನೊಂದು ಉಪಾಯವನ್ನು ಅಗ್ನಿಶಾಮಕ ದಳದವರಿಂದ ಕಲಿಯಬಹುದು. ದಪ್ಪ ಉಡುಪಿನಲ್ಲಿ ದಣಿದು ಬಂದವರನ್ನು ಕೂರಿಸಿ, ಮೊಣಕೈವರೆಗೆ ತಣ್ಣೀರಲ್ಲಿ ಕೈ ಇಡಿಸುವ ಪದ್ಧತಿ ಹಲವು ಕಡೆ ಇದೆ. ಕೈಗಳಲ್ಲಿ ಹರಿಯುವ ರಕ್ತ ತಣ್ಣಗಾಗಿ ಮೈಯೆಲ್ಲ ಸುತ್ತುತ್ತದೆ. ಕೈಕಟ್ಟು ಬಿಚ್ಚಿದರೆ ಸಾಕು, ನಮ್ಮ ಭೀಮನಿಗೂ ಇದು ಸಾಧ್ಯ. ಚಂದ್ರನ ಮೇಲೆ ನಡೆದವರ ದಿರಿಸಿನೊಳಗೂ ಮೈಗೆ ತಾಗಿಕೊಂಡು ತಣ್ಣೀರಿನ ಸಣ್ಣ ಕೊಳವೆಗಳು ಹರಿಯುತ್ತಿದ್ದವು.

ಯುದ್ಧದ ಕವಚದ ಕಥೆಯೂ ನಮ್ಮ ಜಿಲ್ಲೆಯದೇ ಇದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಬಂದ. ದೊಡ್ಡ ಕದನ ನಡೆದದ್ದು ಮೇ ತಿಂಗಳಲ್ಲಿ. ಎಂಥ ತಿಂಗಳು ನೋಡಿ! ಈಗ ಹಂಪಿಯಿಂದ ರಾಯಚೂರಿಗೆ ಹೋಗುವವರು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ಹೋಗುತ್ತಾರೆ; ಎಸಿ ಇಲ್ಲದ ಬಸ್ಸಿನಲ್ಲಿ ಕೂತರೆ ಆ ದಂಡಿನ ಪಾಡು ಸ್ವಲ್ಪ ತಿಳಿದೀತು. ಆ ಸೈನಿಕರು ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಗಳನ್ನು ತೊಟ್ಟಿದ್ದರು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಮುಂದೆ ಈ ದಂಡಯಾತ್ರೆಯನ್ನು ಬರೆದಿಟ್ಟ. ಸೈನ್ಯದ ಅರ್ಧ ಜನ ದಾಟುವಷ್ಟರಲ್ಲಿ ನದಿ ಬತ್ತಿ, ಉಳಿದವರು ಮರಳಲ್ಲಿ ಗುಂಡಿ ತೋಡಬೇಕಾಯಿತಂತೆ. ನನ್ನ ಮನಸ್ಸಿನಲ್ಲಿ ನಿಂತದ್ದು ಅವನ ಇನ್ನೊಂದು ಮಾತು. ಯಾರೂ ಬಾಯಾರಿ ಸಾಯಬಾರದೆಂದು ಹತ್ತು ಹನ್ನೆರಡು ಸಾವಿರ ಜನ ನೀರಿನ ಚೀಲ ಹಿಡಿದು, ನೀರು ತಂದುಕೊಡುವವರಿಲ್ಲದ ಸೈನಿಕರಿಗಾಗಿಯೇ ದಾರಿಯುದ್ದಕ್ಕೂ ಇದ್ದರಂತೆ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ, ಆ ಕಾಳಜಿ ದೊಡ್ಡದು. ಕವಚ ತೊಟ್ಟವನು ತನ್ನ ತಂಪನ್ನು ತಾನೇ ನೋಡಿಕೊಳ್ಳಲಾರ, ಸುತ್ತಲಿನವರೇ ನೋಡಬೇಕು ಅನ್ನುವುದು ಆ ದಂಡಿನವರಿಗೆ ತಿಳಿದಿತ್ತು.

ನಮ್ಮ ಜಾತ್ರಾ ಕಮಿಟಿಗಳನ್ನು ನಾನು ಕೇಳುವುದೂ ಅಷ್ಟೇ. ಮೈಕು, ಲೈಟು, ಅತಿಥಿಗಳ ಶಾಲಿಗೆ ದುಡ್ಡು ಎತ್ತಿಡುವಾಗ ಬಣ್ಣದ ಮನೆಗೆ ಎರಡು ದೊಡ್ಡ ಫ್ಯಾನು, ಎರಡು ಬಕೆಟ್ ತಣ್ಣೀರು, ಒಂದು ಕೊಡ ಮಜ್ಜಿಗೆ, ಹತ್ತಿರದಲ್ಲೊಂದು ಶೌಚಾಲಯವನ್ನೂ ಪಟ್ಟಿಗೆ ಸೇರಿಸಿ. ಸೀನಿನ ನಡುವೆ ಬೀಸಲು ಇಬ್ಬರು ಹುಡುಗರು ಇರಲಿ. ಒಂದು ಅಕ್ಷರ ತಪ್ಪದ ಕಲಾವಿದ ಮಾತು ತಡವರಿಸಿದರೆ, ಬೆವರು ನಿಂತಿರಲಿ ಬಿಡಲಿ ಮೈ ಕಾದರೆ, ಹಿಂದಿನಿಂದ ಮಾತು ಎತ್ತಿಕೊಡಲು ಹೋಗಬೇಡಿ. ಕವಚ ಬಿಚ್ಚಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಿ. ವೇಷ ಕಟ್ಟಿದವನನ್ನು ಕಾಯುವ ಕೆಲಸವನ್ನು ಹಿಮ್ಮೇಳದವರು ತಮ್ಮ ರೀತಿಯಲ್ಲಿ ಮೊದಲಿಂದಲೂ ಮಾಡುತ್ತಿದ್ದಾರೆ. ಭೀಮನ ಎದೆ ಏರಿಳಿಯುವುದು ಕಂಡರೆ ಒಳ್ಳೆಯ ಭಾಗವತರು ಪದವನ್ನು ಇನ್ನೊಂದು ಸಲ ಎತ್ತಿ ನಿಧಾನವಾಗಿ ಎಳೆಯುತ್ತಾರೆ. ಜನ ರಾಗಕ್ಕೆ ತಲೆದೂಗುವಷ್ಟರಲ್ಲಿ ಭೀಮ ಪರದೆಯ ಹಿಂದೆ ಎರಡು ಗುಟುಕು ಮಜ್ಜಿಗೆ ಕುಡಿದಿರುತ್ತಾನೆ.