ಕಾರಿನ ಸದ್ದು ಹೆಚ್ಚಿಸುವ ಮೊದಲು

ಮದುವೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಎಂದು ಇಡೀ ಕುಟುಂಬ ಒಟ್ಟಿಗೆ ಗಂಟೆಗಟ್ಟಲೆ ಕಳೆಯುವ ಸ್ಥಳಗಳಲ್ಲಿ ಕಾರೂ ಒಂದು. ಅಲ್ಲಿ ವಯಸ್ಸಾದ ಅಜ್ಜಿ ಇರುತ್ತಾರೆ, ಎಳೆಯ ಮಕ್ಕಳಿರುತ್ತಾರೆ. ಆದರೆ ಸದ್ದು ಎಷ್ಟಿರಬೇಕೆಂದು ತೀರ್ಮಾನಿಸುವವರು ಮಾತ್ರ ಮುಂದಿನ ಸೀಟಿನಲ್ಲಿ ಕುಳಿತ ಹುಡುಗರು. ನಿಮ್ಮ ಮನೆಯಲ್ಲೂ ಹೀಗೆಯೇ ಅಲ್ಲವೇ?

ನಮ್ಮ ಹಳೆಯ ಕಾರಿನ ಆಡಿಯೋ ಬದಲಾಯಿಸಬೇಕೆಂದು ಮಗ ಕೆಲವು ತಿಂಗಳಿಂದ ಹಠ ಹಿಡಿದಿದ್ದ. ಡಿಕ್ಕಿಯಲ್ಲಿ ದೊಡ್ಡದೊಂದು ಸಬ್‌ವೂಫರ್ ಪೆಟ್ಟಿಗೆ, ಅದಕ್ಕೊಂದು ಆಂಪ್ಲಿಫೈಯರ್ ಎಂಬುದು ಅವನ ಲೆಕ್ಕ. ನನ್ನ ಚಿಂತೆ ಬೇರೆಯೇ ಇತ್ತು. ಅತ್ತೆಯವರು ಹಿಂದಿನ ಸೀಟಿನಿಂದ, "ಶಬ್ದ ಕೇಳ್ತದೆ ಮಗಾ, ಏನು ಹೇಳ್ತಾರೆ ಅಂತ ಗೊತ್ತಾಗುದಿಲ್ಲ, ಸ್ವಲ್ಪ ಜೋರು ಮಾಡು" ಎನ್ನುತ್ತಿದ್ದರು. ಜೋರು ಮಾಡಿದರೆ ಪಕ್ಕದಲ್ಲಿದ್ದ ಚಿಕ್ಕ ಮಗಳು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಾಗೆ ಜೋರು ಮಾಡಿದರೂ ಅತ್ತೆಯವರಿಗೆ ಮಾತು ತಿಳಿಯುತ್ತಿರಲಿಲ್ಲ.

ನನ್ನ ತಮ್ಮ ಗಲ್ಫ್‌ನಲ್ಲಿ ಹಲವು ವರ್ಷ ಕಾರಿನ ಆಡಿಯೋ ಕೂರಿಸುವ ಕೆಲಸ ಮಾಡಿದವನು. ರಜೆಯಲ್ಲಿ ಊರಿಗೆ ಬಂದಾಗ ಮಗ ಅವನ ಬೆನ್ನು ಹತ್ತಿದ. ತಮ್ಮ ಮೊದಲು ಮಾಡಿದ ಕೆಲಸವೆಂದರೆ ಅತ್ತೆಯವರ ಪಕ್ಕ ಹಿಂದಿನ ಸೀಟಿನಲ್ಲಿ ಕುಳಿತು ಅರ್ಧ ಗಂಟೆ ರೇಡಿಯೋ ಕೇಳಿದ್ದು.

ಅವನು ಹೇಳಿದ್ದು ಇಷ್ಟು. ವಯಸ್ಸಾದಂತೆ ಕಿವಿಗೆ ಮೊದಲು ಕ್ಷೀಣಿಸುವುದು ಎತ್ತರದ, ತೀಕ್ಷ್ಣ ಸ್ವರಗಳು. ಸ, ಶ, ತ ಮುಂತಾದ ಅಕ್ಷರಗಳ ಗುರುತು ಇರುವುದು ಹೆಚ್ಚಾಗಿ 2,000 ಹರ್ಟ್ಸ್‌ಗಿಂತ ಮೇಲೆ. ಅವು ಕೇಳಿಸದಿದ್ದರೆ 'ಸಾಲು' ಎಂದದ್ದು 'ಹಾಲು' ಎಂದಂತಾಗುತ್ತದೆ. ಆ ಸ್ವರಗಳನ್ನು ನುಡಿಸುವುದು ಟ್ವೀಟರ್ ಎಂಬ ಪುಟ್ಟ ಸ್ಪೀಕರ್. ಸಬ್‌ವೂಫರ್ ನುಡಿಸುವುದು ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿನಂಥ ಸ್ವರಗಳನ್ನು. ಡಿಕ್ಕಿಯ ಪೆಟ್ಟಿಗೆ ಎಷ್ಟೇ ದೊಡ್ಡದಿದ್ದರೂ ಅಜ್ಜಿಗೆ ಅದರಿಂದ ಒಂದಕ್ಷರವೂ ಹೆಚ್ಚು ತಿಳಿಯದು.

ವಾಟ್ಸ್ ಲೆಕ್ಕವನ್ನೂ ಅವನು ಬಿಡಿಸಿಟ್ಟ. ಸ್ಟೀರಿಯೋ ಡಬ್ಬಿಯ ಮೇಲೆ ನಾಲ್ಕು ಸ್ಪೀಕರಿಗೂ ತಲಾ 50 ವಾಟ್ಸ್ ಎಂದು ಬರೆದಿರುತ್ತದೆ. ಅದು ಕ್ಷಣ ಮಾತ್ರದ ಗರಿಷ್ಠ ಲೆಕ್ಕ. ಸತತವಾಗಿ ಸಿಗುವುದು ಸುಮಾರು 20 ವಾಟ್ಸ್. ಆದ್ದರಿಂದ ನೀವು ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದಿರುವ ಅಂಕಿ. ವಾಟ್ಸ್ ಎರಡು ಪಟ್ಟಾದರೆ ಸದ್ದು ಹೆಚ್ಚುವುದು ಕೇವಲ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ಸ್ ಬೇಕು.

ಕೊನೆಗೆ ನಾವು ಸ್ಟೀರಿಯೋ ಬದಲಾಯಿಸಲೇ ಇಲ್ಲ. ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ಸ್ಪೀಕರ್ ಮತ್ತು ಬೇರೆ ಟ್ವೀಟರ್, ಹಿಂದಿನ ಬಾಗಿಲುಗಳಿಗೆ ಟ್ವೀಟರ್ ಒಳಗೇ ಇರುವ ಸಾಧಾರಣ ಸ್ಪೀಕರ್ ಬಂದವು. ಬಾಗಿಲಿನ ಒಳಗೆ ಅಲ್ಯೂಮಿನಿಯಂ ಹೊದಿಕೆಯ ರಬ್ಬರ್ ಹಾಳೆ ಅಂಟಿಸಿದ. ತಗಡು ಅದುರುವುದು ನಿಂತಿತು, ರಸ್ತೆಯ ಸದ್ದೂ ಸ್ವಲ್ಪ ತಗ್ಗಿತು. ಬಾಗಿಲಿನ ಕೆಳಗೆ ಮಳೆನೀರು ಹರಿದುಹೋಗುವ ತೂತುಗಳನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಹಳೆಯ ಸ್ಪೀಕರ್ ಒಂದಕ್ಕೆ ಪ್ಲಸ್ ಮೈನಸ್ ತಂತಿ ಅದಲುಬದಲಾಗಿದ್ದುದೂ ಆಗ ಗೊತ್ತಾಯಿತು. ಹಾಗಾದಾಗ ಎರಡು ಸ್ಪೀಕರುಗಳ ಕೆಳಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ.

ಈಗ ಮೊದಲು 28ರಲ್ಲಿಡುತ್ತಿದ್ದ ವಾಲ್ಯೂಮ್ 16ರಲ್ಲಿದ್ದರೆ ಸಾಕಾಗುತ್ತದೆ. ಇದು ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 100 ಡೆಸಿಬಲ್ ಆದರೆ ವಾರಕ್ಕೆ 20 ನಿಮಿಷ ಮಾತ್ರ. ಮಕ್ಕಳಿಗೆ ಅದು ಸೂಚಿಸುವ ಮಿತಿ ಇನ್ನೂ ಕಡಿಮೆ, 40 ಗಂಟೆಗೆ 75 ಡೆಸಿಬಲ್. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ಮಗುವಿನ ಕಿವಿಯ ಮುಂದೆ ಯಾವ ಸಬ್‌ವೂಫರ್ ದೊಡ್ಡದು, ಹೇಳಿ?

ತಮ್ಮನ ಮಾತಿನಂತೆ ಅತ್ತೆಯವರನ್ನು ಕಿವಿಯ ವೈದ್ಯರಿಗೂ ತೋರಿಸಿದೆವು. ಪರೀಕ್ಷೆಯಲ್ಲಿ ಅವನು ಊಹಿಸಿದ್ದೇ ಕಂಡಿತು. ಈಗ ಶ್ರವಣ ಸಾಧನ ಬಳಸುತ್ತಾರೆ. ಸಣ್ಣವರು ಮೆಲ್ಲಗೆ ಆಡುವ ತಮಾಷೆಗೂ ಹಿಂದಿನ ಸೀಟಿನಿಂದ ಉತ್ತರ ಬರುತ್ತದೆ. ಮನೆಯ ಹಿರಿಯರು ಪದೇ ಪದೇ ಜೋರು ಮಾಡಲು ಹೇಳುತ್ತಿದ್ದರೆ, ಕಾರಿನ ಅಂಗಡಿಗಿಂತ ಮೊದಲು ವೈದ್ಯರ ಬಳಿ ಕರೆದೊಯ್ಯಿರಿ.

ಮಗನ ಆಸೆ ಪೂರ್ತಿ ಹೋಗಿಲ್ಲ. ಕೆಲಸ ಸಿಕ್ಕ ಮೇಲೆ ಆಂಪ್ಲಿಫೈಯರ್ ಹಾಕಿಸುತ್ತಾನಂತೆ. ಹಾಕಿಸಲಿ. ಆದರೆ ಅದರ ತಂತಿ ನೇರ ಬ್ಯಾಟರಿಯಿಂದ ಬರುವುದರಿಂದ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು, ತಂತಿ ತಗಡನ್ನು ದಾಟುವಲ್ಲಿ ರಬ್ಬರ್ ಬಳೆ ಇರಬೇಕು ಎಂದು ಮಾವ ಅವನಿಂದ ಮಾತು ಪಡೆದಿದ್ದಾನೆ. ಸವೆದ ತಂತಿ ತಗಡಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ.

ನೀವೂ ಕಾರಿಗೆ ಹೊಸ ಆಡಿಯೋ ಹಾಕಿಸುವವರಿದ್ದರೆ, ಅಂಗಡಿಗೆ ಹೋಗುವಾಗ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಹಾಡಿನ ಬದಲು ಸುದ್ದಿ ಹಾಕಿಸಿ, ಸದ್ದು ತಗ್ಗಿಸಿ, ಏನು ಹೇಳಿದರೆಂದು ಅವರನ್ನು ಕೇಳಿ. ಅವರು ಸರಿಯಾಗಿ ಹೇಳಿದರೆ ಧೈರ್ಯವಾಗಿ ಹಣ ಕೊಡಿ.