ಪೋಲೀಸ್ ಆಗೋಕೂ ಕಾಲೇಜು ಓದ್ಬೇಕಾ?

ಅಮೇರಿಕದಲ್ಲಿ ಕನ್ನಡಿಗರ ಯಾವ ಪಾಟ್‌ಲಕ್ಕಿಗೇ ಹೋಗಿ, ಹೈಸ್ಕೂಲು ಮುಗಿಸೋ ವಯಸ್ಸಿನ ಮಕ್ಕಳು ಕಣ್ಣಿಗೆ ಬಿದ್ದರೆ ಒಂದು ಪ್ರಶ್ನೆ ಬಂದೇ ಬರುತ್ತೆ - 'ಮುಂದೇನು ಓದ್ತೀಯಾ?'. ಉತ್ತರಗಳೂ ಗೊತ್ತಿರೋವೇ: ಕಂಪ್ಯೂಟರ್ ಸೈನ್ಸು, ಪ್ರೀ-ಮೆಡ್ಡು, ಬಿಸಿನೆಸ್ಸು, ಇಲ್ಲಾಂದ್ರೆ 'ಇನ್ನೂ ಡಿಸೈಡ್ ಮಾಡಿಲ್ಲ'. ಇತ್ತೀಚೆಗೆ ಗೆಳೆಯರೊಬ್ಬರ ಮನೆಯಲ್ಲಿ ಇದೇ ಪ್ರಶ್ನೆಗೆ ಅವರ ಮಗಳು ತಟ್ಟೆಯಲ್ಲಿದ್ದ ಬಿಸಿಬೇಳೆಬಾತಿನಿಂದ ತಲೆ ಎತ್ತದೇ 'ಕ್ರಿಮಿನಲ್ ಜಸ್ಟೀಸ್, ಅಂಕಲ್' ಅಂದಳು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಅವರಮ್ಮ 'ಅದನ್ನ ಓದಿ ಆಮೇಲೆ ಲಾ ಸ್ಕೂಲಿಗೆ ಹೋಗ್ತಾರಂತೆ' ಅಂತ ತಿಪ್ಪೆ ಸಾರಿಸೋಕೆ ನೋಡಿದರು. ಹುಡುಗಿ ಬಿಡಬೇಕಲ್ಲ, 'ಇಲ್ಲಮ್ಮಾ, ನಾನು ಪೋಲೀಸ್ ಆಗ್ಬೇಕು' ಅಂದುಬಿಟ್ಟಳು!

ಆಮೇಲೆ ಅವಳಪ್ಪ ನನ್ನನ್ನ ಡೆಕ್ಕಿನ ಕಡೆ ಕರೆದುಕೊಂಡು ಹೋಗಿ, 'ನೋಡಿ ಮಾರಾಯ್ರೆ, ನಮ್ಮ ಕಾಲದಲ್ಲಿ ಊರಲ್ಲಿ ಎಸ್ಸೆಸ್ಸೆಲ್ಸಿ ಮುಗಿದಿದ್ದು ಎತ್ತರ, ಎದೆ ಅಳತೆ ಸರಿಯಿದ್ರೆ ಪೋಲೀಸಿಗೆ ಸೇರ್ತಿದ್ರು. ಇಲ್ಲಿ ಅದಕ್ಕೂ ನಾಲ್ಕು ವರ್ಷ ದುಡ್ಡು ಸುರಿದು ಕಾಲೇಜು ಓದಿಸಬೇಕಾ? ನೀವಾದ್ರೂ ಸ್ವಲ್ಪ ಹೇಳಿ ಅವಳಿಗೆ' ಅಂದರು. ಹೇಳೋದೇನೋ ಹೇಳಬಹುದು, ಆದರೆ ಹೇಳೋ ಮೊದಲು ಅದೇನು ಅಂತ ನಾನು ತಿಳ್ಕೊಳ್ಳೋದು ಬೇಡವೇ? ಹಾಗೆ ಕೂತು ಓದಿದ್ದರ ಫಲ ಈ ಬರಹ.

ಪೋಲೀಸರಿಗೂ ಕಾಲೇಜು ಬೇಕು ಅನ್ನೋ ಯೋಚನೆ ಇಲ್ಲಿ ಶುರುವಾದ ಕಥೆಯೇ ಮಜವಾಗಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಂಚೆ ಹಂಚುತ್ತಿದ್ದ ಆಗಸ್ಟ್ ವೋಲ್ಮರ್ ಅನ್ನೋರು 1905ರಲ್ಲಿ ಊರಿನ ಮಾರ್ಷಲ್ ಆಗಿ ಚುನಾಯಿತರಾದರು. ಸ್ವತಃ ಹೈಸ್ಕೂಲು ಕಂಡವರಲ್ಲ. ಅಂಥೋರು 1908ರಲ್ಲಿ ತಮ್ಮ ಪೋಲೀಸರಿಗೆ ಒಂದು ಶಾಲೆ ತೆರೆದರು, 1916ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯಲ್ಲೇ ಪಾಠ ಶುರುವಾಗೋ ಹಾಗೆ ಮಾಡಿದರು. ಕಾಲೇಜು ಹುಡುಗರನ್ನ ಪೋಲೀಸ್ ಕೆಲಸಕ್ಕೆ ತಗೊಂಡಿದ್ದಕ್ಕೆ ಜನ 'ಕಾಲೇಜ್ ಕಾಪ್' ಅಂತ ಆಡಿಕೊಂಡು ನಗ್ತಿದ್ದರಂತೆ. ಅವರ ಕೈಕೆಳಗಿದ್ದ ಜಾನ್ ಲಾರ್ಸನ್ ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ್ದ ಪೋಲೀಸ್. 1921ರಲ್ಲಿ ಸುಳ್ಳು ಪತ್ತೆ ಹಚ್ಚೋ ಪಾಲಿಗ್ರಾಫ್ ಯಂತ್ರ ಕಟ್ಟಿದ್ದು ಅವರೇ. 1930ರಲ್ಲಿ ಸ್ಯಾನ್ ಹೋಸೆಯ ಕಾಲೇಜಿನಲ್ಲಿ ಪೋಲೀಸ್ ಕೋರ್ಸು ಬಂತು, 1935ರಲ್ಲಿ ಮಿಷಿಗನ್ ಸ್ಟೇಟಿನಲ್ಲಿ. ಆಗೆಲ್ಲ ಇದರ ಹೆಸರು 'ಪೋಲೀಸ್ ಸೈನ್ಸ್'.

1967ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ್ದ ಆಯೋಗ ಒಂದು ದೊಡ್ಡ ಮಾತು ಹೇಳಿತು - ಮುಂದೊಂದು ದಿನ ಪ್ರತಿಯೊಬ್ಬ ಪೋಲೀಸಿಗೂ ಬ್ಯಾಚುಲರ್ಸ್ ಡಿಗ್ರಿ ಇರಬೇಕು ಅಂತ. 1968ರ ಕಾನೂನಿನ ಮೂಲಕ ಪೋಲೀಸರಿಗೂ, ಆ ಕಡೆ ಹೋಗೋ ವಿದ್ಯಾರ್ಥಿಗಳಿಗೂ ಕಾಲೇಜು ಫೀಸಿಗೆ ಸರ್ಕಾರವೇ ದುಡ್ಡು ಕೊಡೋಕೆ ಶುರು ಮಾಡಿತು. ದುಡ್ಡು ಬಂದ ಮೇಲೆ ಕೇಳಬೇಕೆ? ಮಳೆಗಾಲದ ಅಣಬೆ ಹಾಗೆ ಊರೂರಲ್ಲಿ ಕೋರ್ಸುಗಳು ಹುಟ್ಟಿಕೊಂಡವು. 1978ರಲ್ಲಿ ಲಾರೆನ್ಸ್ ಶರ್ಮನ್ ಬರೆದ ವರದಿ ಈ ಕೋರ್ಸುಗಳನ್ನ ಚೆನ್ನಾಗಿ ಝಾಡಿಸಿತು: ಯೋಚನೆ ಮಾಡೋದು ಕಲಿಸೋ ಬದಲು ಕಸುಬಿನ ತರಬೇತಿಯನ್ನೇ ಕಾಲೇಜಿನ ಹೆಸರಲ್ಲಿ ಕೊಡ್ತಿದ್ದೀರಿ ಅಂತ. ಅಷ್ಟರಲ್ಲಿ ಹೆಸರೂ ಬದಲಾಗ್ತಾ ಬಂದಿತ್ತು. ನ್ಯೂಯಾರ್ಕಿನಲ್ಲಿ 1964ರಲ್ಲಿ 'ಕಾಲೇಜ್ ಆಫ್ ಪೋಲೀಸ್ ಸೈನ್ಸ್' ಅಂತ ಹುಟ್ಟಿದ್ದು ಕೆಲವೇ ವರ್ಷದಲ್ಲಿ ದೇಶದ ಮೊದಲ ಮುಖ್ಯ ನ್ಯಾಯಮೂರ್ತಿಯ ಹೆಸರು ಹೊತ್ತು 'ಜಾನ್ ಜೇ ಕಾಲೇಜ್ ಆಫ್ ಕ್ರಿಮಿನಲ್ ಜಸ್ಟೀಸ್' ಆಯಿತು. ಬರೀ ಪೋಲೀಸಲ್ಲ, ಕೋರ್ಟು, ಜೈಲು, ಕಾನೂನು, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಅಂಕಿಅಂಶ ಎಲ್ಲಾ ಸೇರಿಸಿ ಓದಿಸ್ತಾರೆ ಈಗ.

ಸರಿ, ಇಷ್ಟೆಲ್ಲ ಆದ ಮೇಲೆ ಪೋಲೀಸ್ ಆಗೋಕೆ ಈ ಡಿಗ್ರಿ ಕಡ್ಡಾಯವಾ? ತಮಾಷೆ ಇರೋದೇ ಇಲ್ಲಿ... ಕಡ್ಡಾಯ ಅಲ್ಲ! 2017ರ ಒಂದು ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನೂರಕ್ಕೆ ಎಂಭತ್ತಕ್ಕಿಂತ ಹೆಚ್ಚು ಪೋಲೀಸ್ ಡಿಪಾರ್ಟ್‌ಮೆಂಟುಗಳು ಕೇಳ್ತಿದ್ದದ್ದು ಬರೀ ಹೈಸ್ಕೂಲು ಸರ್ಟಿಫಿಕೇಟು. ನಾಲ್ಕು ವರ್ಷದ ಡಿಗ್ರಿ ಇದ್ದ ಪೋಲೀಸರು ಸುಮಾರು ನೂರಕ್ಕೆ ಮೂವತ್ತು. ಡಿಗ್ರಿ ಇದ್ದರೂ ಇಲ್ಲದಿದ್ದರೂ ಅಕಾಡೆಮಿ ತರಬೇತಿ ಆಗಲೇಬೇಕು. 2018ರ ಸರ್ಕಾರಿ ಲೆಕ್ಕದಲ್ಲಿ ಅದು ಸರಾಸರಿ 833 ಗಂಟೆ. ನಾನಿರೋ ನ್ಯೂಜೆರ್ಸಿಯಲ್ಲಿ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸೋ ಲೈಸೆನ್ಸಿಗೆ 1,200 ಗಂಟೆ ಕಲೀಬೇಕು, ನೀವೇ ಲೆಕ್ಕ ಹಾಕಿಕೊಳ್ಳಿ. ನ್ಯೂಯಾರ್ಕ್ ನಗರದ ಪೋಲೀಸರು ಬಹಳ ವರ್ಷ 60 ಕಾಲೇಜು ಕ್ರೆಡಿಟ್ ಕೇಳ್ತಿದ್ದರು. ಸೇರೋರು ಸಿಗ್ತಿಲ್ಲ ಅಂತ 2025ರ ಫೆಬ್ರವರಿಯಲ್ಲಿ ಅದನ್ನ 24ಕ್ಕೆ ಇಳಿಸಿದರು. ನಮ್ಮ ಕರ್ನಾಟಕದಲ್ಲೂ ಅಷ್ಟೇ ತಾನೆ? ಸಬ್ ಇನ್ಸ್‌ಪೆಕ್ಟರ್ ಆಗೋಕೆ ಯಾವುದಾದರೂ ಡಿಗ್ರಿ ಆದೀತು, ಐಪಿಎಸ್‌ಗೂ ಅಷ್ಟೇ. ಬಾಟನಿ ಓದಿದೋರೂ ಎಸ್.ಪಿ. ಆಗಬಹುದು, ಇತಿಹಾಸ ಓದಿದೋರೂ ಆಗಬಹುದು.

ಹಾಗಾದ್ರೆ ಈ ಡಿಗ್ರಿ ಹಿಡಿದು ಏನು ಮಾಡ್ತಾರೆ? ಪೋಲೀಸ್ ಆಗೋರಿಗೆ ಸಾರ್ಜೆಂಟು, ಲೆಫ್ಟಿನೆಂಟು ಅಂತ ಮೇಲೇರುವಾಗ ಬಹಳ ಕಡೆ ಇದು ಲೆಕ್ಕಕ್ಕೆ ಬರುತ್ತೆ. ಅದು ಬಿಟ್ಟರೆ ಪ್ರೊಬೇಷನ್ ಆಫೀಸರ್ ಕೆಲಸ ಇದೆ. ಶಿಕ್ಷೆಯನ್ನ ಜೈಲಿನ ಹೊರಗೇ ಅನುಭವಿಸೋರು ಕೆಲಸಕ್ಕೆ ಹೋಗ್ತಿದ್ದಾರಾ, ಕುಡಿತ ಬಿಟ್ಟಿದ್ದಾರಾ ಅಂತ ವಿಚಾರಿಸೋರು ಇವರು. ಇದಕ್ಕೆ ಹೆಚ್ಚಿನ ಕಡೆ ಬ್ಯಾಚುಲರ್ಸ್ ಡಿಗ್ರಿ ಬೇಕೇ ಬೇಕು. ಅಪರಾಧಕ್ಕೆ ಬಲಿಯಾದೋರ ಜೊತೆ ನಿಂತು ಕೋರ್ಟಿಗೆ ಕರೆದುಕೊಂಡು ಹೋಗೋರು, ಬ್ಯಾಂಕುಗಳಲ್ಲಿ ಕಳ್ಳ ಹಣದ ಜಾಡು ಹಿಡಿಯೋರು, ಇನ್ಶೂರೆನ್ಸ್ ಮೋಸ ಹುಡುಕೋರು ಇವರಲ್ಲೂ ಇದನ್ನ ಓದಿದೋರಿದ್ದಾರೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇಷ್ಟ ಆಗೋಂಥದ್ದು 'ಕ್ರೈಮ್ ಅನಾಲಿಸ್ಟ್' ಕೆಲಸ. ಯೂನಿಫಾರ್ಮಿಲ್ಲ, ಗನ್ನಿಲ್ಲ. ಎಕ್ಸೆಲ್ಲು, ಡೇಟಾಬೇಸು, ಮ್ಯಾಪು ಇಟ್ಟುಕೊಂಡು ಯಾವ ಬೀದಿಯಲ್ಲಿ ಯಾವ ಹೊತ್ತಿಗೆ ಕಾರು ಕಳುವಾಗ್ತಿದೆ ಅಂತ ಹೇಳೋದು. ಗೆಳೆಯರಿಗೆ ಇದನ್ನ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಗೆಲುವಾದರು, 'ಇದಾದ್ರೆ ಪರವಾಗಿಲ್ಲ ನೋಡಿ' ಅಂತ!

ಎರಡು ಭ್ರಮೆಗಳನ್ನ ಮಾತ್ರ ಮೊದಲೇ ಬಿಡಿಸಿಕೊಳ್ಳೋದು ಒಳ್ಳೇದು. 2000ದಲ್ಲಿ ಟಿವಿಯಲ್ಲಿ 'ಸಿಎಸ್‌ಐ' ಬಂದಾಗಿನಿಂದ ಕ್ರಿಮಿನಲ್ ಜಸ್ಟೀಸ್ ಓದಿದರೆ ಫೋರೆನ್ಸಿಕ್ ಲ್ಯಾಬಿಗೆ ಹೋಗಬಹುದು ಅಂತ ಬಹಳ ಮಕ್ಕಳು ಅಂದುಕೊಂಡಿರ್ತಾರೆ. ಲ್ಯಾಬಿನೋರು ಕೇಳೋದು ಕೆಮಿಸ್ಟ್ರಿ, ಬಯಾಲಜಿ. ಆ ವಿಜ್ಞಾನವೂ ಟಿವಿಯಲ್ಲಿ ತೋರಿಸಿದಷ್ಟು ಖಚಿತ ಅಲ್ಲ. 2009ರಲ್ಲಿ ಇಲ್ಲಿನ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ವರದಿ, ಡಿಎನ್‌ಎ ಬಿಟ್ಟರೆ ಬೇರೆ ಯಾವ ವಿಧಾನವೂ ಸಾಕ್ಷ್ಯವನ್ನ ಇಂಥದ್ದೇ ಒಬ್ಬ ವ್ಯಕ್ತಿಗೆ ಖಚಿತವಾಗಿ ಜೋಡಿಸಬಲ್ಲದು ಅಂತ ಕಟ್ಟುನಿಟ್ಟಾಗಿ ಸಾಬೀತಾಗಿಲ್ಲ ಅಂದಿತ್ತು. (ಅಂದ ಹಾಗೆ, ಈ ಕಡೆ ಆಸಕ್ತಿ ಇದ್ದರೆ ನಮ್ಮ ಧಾರವಾಡವೂ ಕಡಿಮೆ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಬಹಳ ವರ್ಷದಿಂದ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರಲ್ಲಿ ಅಲ್ಲೇ ಶಂಕುಸ್ಥಾಪನೆ ಆಯಿತು.)

ಎರಡನೇದು ಎಫ್‌ಬಿಐ. ಅಲ್ಲಿನ ಸ್ಪೆಷಲ್ ಏಜೆಂಟ್ ಕೆಲಸಕ್ಕೆ ಬಹುಕಾಲದಿಂದ ನಡೆದು ಬಂದ ನಿಯಮ ಅಂದರೆ ಯಾವುದಾದರೂ ಒಂದು ಡಿಗ್ರಿ, ಎರಡು ವರ್ಷ ಕೆಲಸದ ಅನುಭವ, 23ರಿಂದ 36ರೊಳಗೆ ವಯಸ್ಸು, ಅಮೇರಿಕದ ಪೌರತ್ವ. ಅವರು ಅಕೌಂಟೆಂಟುಗಳನ್ನ, ಕಂಪ್ಯೂಟರ್ ಬಲ್ಲೋರನ್ನ, ಬೇರೆ ಭಾಷೆ ಬಲ್ಲೋರನ್ನ ಹುಡುಕಿಕೊಂಡು ತಗೋತಾರೆ. ಪಾಲಿಗ್ರಾಫ್ ಪರೀಕ್ಷೆ, ಸಾಲಸೋಲದ ಚರಿತ್ರೆ ಎಲ್ಲಾ ಜಾಲಾಡ್ತಾರೆ, ವಿದೇಶದಲ್ಲಿ ಆಪ್ತರು ಯಾರಿದ್ದಾರೆ ಅಂತಾನೂ ಕೇಳ್ತಾರೆ. ಅಂದ್ರೆ ಪ್ರತಿ ಭಾನುವಾರ ವಿಡಿಯೋದಲ್ಲಿ ಮಾತಾಡೋ ಅಜ್ಜಿ ಹೆಸರನ್ನೂ ಬರೀಬೇಕು!

ಇಷ್ಟೆಲ್ಲ ಕೇಳಿದ ಮೇಲೂ ಗೆಳೆಯರ ನಿಜವಾದ ಚಿಂತೆ ಬೇರೆಯೇ ಇತ್ತು. 'ಕೆಲಸ, ಸಂಬಳ ಬಿಡಿ. ಈಗ ಇಲ್ಲಿ ಪೋಲೀಸ್ ಅಂದ್ರೆ ಜನ ಹೇಗೆ ನೋಡ್ತಾರೆ ಗೊತ್ತಲ್ಲ? ಓದಿದೋರು ಸೇರಿದ್ರೆ ಏನಾದ್ರೂ ಬದಲಾಗತ್ತಾ?' ಅಂದರು. ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಪೋಲೀಸರಿಗೆ ಎರಡು ವರ್ಷದ ಕಾಲೇಜು ಡಿಗ್ರಿಯನ್ನ ರಾಜ್ಯದ ಮಟ್ಟದಲ್ಲೇ ಕಡ್ಡಾಯ ಮಾಡಿ ಹೆಸರಾದ ರಾಜ್ಯ ಮಿನ್ನೆಸೋಟಾ. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಸತ್ತಿದ್ದು ಅದೇ ರಾಜ್ಯದ ಮಿನಿಯಾಪೊಲಿಸ್ಸಿನಲ್ಲಿ. ಕುತ್ತಿಗೆ ಮೇಲೆ ಮೊಣಕಾಲೂರಿದ್ದ ಡೆರೆಕ್ ಶಾವಿನ್ ಬರೀ ಎರಡು ವರ್ಷವಲ್ಲ, ಲಾ ಎನ್‌ಫೋರ್ಸ್‌ಮೆಂಟಿನಲ್ಲೇ ಬ್ಯಾಚುಲರ್ಸ್ ಮಾಡಿದ್ದ. ಇನ್ನೊಂದು ಕಡೆ, 2010ರಲ್ಲಿ ಜೇಸನ್ ರಿಡ್‌ಬರ್ಗ್ ಮತ್ತು ವಿಲಿಯಂ ಟೆರಿಲ್ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಓದಿದ ಪೋಲೀಸರು ಬಲಪ್ರಯೋಗ ಮಾಡೋದು ಕಡಿಮೆ ಅಂತ ಕಂಡುಬಂತು; ಅರೆಸ್ಟು, ತಪಾಸಣೆ ಮಾಡೋದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಂದರೆ ಓದು ಸ್ವಲ್ಪ ಮಟ್ಟಿಗೆ ಕೈ ತಡೆಯುತ್ತೆ, ಗ್ಯಾರಂಟಿ ಏನೂ ಕೊಡಲ್ಲ.

ನನಗೆ ಮತ್ತೆ ಮತ್ತೆ ನೆನಪಾಗೋದು 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಲ್ಲಿ ನಡೆದದ್ದು. ಗುಜರಾತಿನಿಂದ ಮೊಮ್ಮಗನನ್ನ ನೋಡಿಕೊಳ್ಳೋಕೆ ಬಂದಿದ್ದ 57 ವರ್ಷದ ಸುರೇಶ್‌ಭಾಯಿ ಪಟೇಲ್ ಬೆಳಿಗ್ಗೆ ಮಗನ ಮನೆ ಹತ್ತಿರ ವಾಕಿಂಗ್ ಹೋಗ್ತಿದ್ದರು. ಯಾರೋ ಅನುಮಾನ ಬಂದು ಫೋನ್ ಮಾಡಿದರು, ಪೋಲೀಸರು ಬಂದರು, ಇವರಿಗೆ ಇಂಗ್ಲಿಷ್ ಬರಲ್ಲ. ಒಬ್ಬ ಅಧಿಕಾರಿ ಅವರನ್ನ ನೆಲಕ್ಕೆ ಕೆಡವಿದ ಹೊಡೆತಕ್ಕೆ ಬೆನ್ನುಹುರಿಗೆ ಪೆಟ್ಟಾಗಿ ಆಪರೇಷನ್ ಆಯಿತು. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 2016ರ ಜನವರಿಯಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನ ಖುಲಾಸೆ ಮಾಡಿದರು. ನಮ್ಮ ಅಪ್ಪ-ಅಮ್ಮಂದಿರೂ ಇಲ್ಲಿಗೆ ಬಂದಾಗ ಮಂಕಿ ಕ್ಯಾಪು, ಸ್ವೆಟರು ಹಾಕಿಕೊಂಡು ಹೀಗೇ ವಾಕಿಂಗ್ ಹೋಗ್ತಾರೆ, ಕಂಡ ಮನೆಯ ಗಿಡ ನೋಡ್ತಾ ನಿಲ್ತಾರೆ, ಕೈಗಳನ್ನ ಕೋಟಿನ ಜೇಬಲ್ಲಿ ಇಟ್ಟುಕೊಂಡಿರ್ತಾರೆ. 'ಇವರು ಯಾರದೋ ಮನೆ ಅಜ್ಜ' ಅಂತ ಒಂದೇ ನೋಟಕ್ಕೆ ಅರ್ಥ ಮಾಡಿಕೊಳ್ಳೋ ಒಬ್ಬರು ಆ ಪೋಲೀಸ್ ಕಾರಿನಲ್ಲಿದ್ದಿದ್ದರೆ?

ಹಾಗಾಗಿ ನಾನು ಗೆಳೆಯರಿಗೆ ಹೇಳಿದ್ದು ಇಷ್ಟು: ಓದಲಿ ಬಿಡಿ. ಆದರೆ ಇದೊಂದನ್ನೇ ಓದೋದು ಬೇಡ. ಜೊತೆಗೆ ಮನಶ್ಶಾಸ್ತ್ರವೋ, ಅಂಕಿಅಂಶವೋ, ಸ್ಪ್ಯಾನಿಷ್ಷೋ ಇರಲಿ. ಮನಸ್ಸು ಬದಲಾದರೂ ಕೈ ಖಾಲಿ ಇರಲ್ಲ, ಬದಲಾಗದಿದ್ದರೆ ಇನ್ನೂ ಒಳ್ಳೇ ಪೋಲೀಸ್ ಆಗ್ತಾಳೆ. ನಾಲ್ಕು ವರ್ಷದಲ್ಲಿ ಒಂದು ಬೇಸಿಗೆ ಯಾವುದಾದರೂ ಪೋಲೀಸ್ ಆಫೀಸಲ್ಲೋ, ಪ್ರೊಬೇಷನ್ ಆಫೀಸಲ್ಲೋ ಇಂಟರ್ನ್ ಆಗಿ ಕೆಲಸವನ್ನ ಕಣ್ಣಾರೆ ನೋಡಲಿ. ಅವರು 'ಹ್ಞೂಂ' ಅಂದರು; ಒಪ್ಪಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ನಮ್ಮ ಮಕ್ಕಳು ಡಾಕ್ಟರಾಗಲಿ, ಎಂಜಿನಿಯರ್ ಆಗಲಿ ಅಂತೀವಿ, ಆದರೆ ರಾತ್ರಿ ಎರಡು ಗಂಟೆಗೆ ಹಿಂಬಾಗಿಲು ಸದ್ದಾದರೆ ಫೋನ್ ಮಾಡೋದು 911ಕ್ಕೆ. ಆ ಫೋನಿಗೆ ಓಡಿ ಬರೋರು ಯಾವಾಗಲೂ ಬೇರೆಯವರ ಮನೆ ಮಕ್ಕಳೇ ಆಗಿರಬೇಕಾ? ನಿಮ್ಮ ಮನೆಯಲ್ಲಿ ಮಗಳೋ ಮಗನೋ ಹೀಗೆ ಕೇಳಿದ್ದರೆ ನೀವೇನು ಹೇಳ್ತಿದ್ರಿ?