ಅಸ್ಥಿಯೊಳಗಣ ಓಲೆ

ಓಲೆಗರಿಗಳ ಪಾಠಶೋಧನೆಯಲ್ಲಿ ಆಯುಸ್ಸಿನ ಬಹುಭಾಗವನ್ನು ಸವೆಸಿದ ನನಗೆ, ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಪ್ಯಾಬೊ ಅವರ ಸಾಧನೆಯು ಪರಶಾಸ್ತ್ರದ್ದೆಂದು ತೋರುವುದಿಲ್ಲ. 1955ರಲ್ಲಿ ಸ್ಟಾಕ್‌ಹೋಮಿನಲ್ಲಿ ಜನಿಸಿ, ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಈಜಿಪ್ಟಿನ ಪುರಾತನ ವಿದ್ಯೆಯನ್ನೂ ವೈದ್ಯವನ್ನೂ ಅಭ್ಯಸಿಸಿದ ಅವರು, ಗತಿಸಿದ ಮಾನವರ ಅಸ್ಥಿಗಳಲ್ಲಿ ಡಿ.ಎನ್.ಎ. ಎಂಬ ಜೀವಲಿಪಿಯನ್ನು ಓದಲು ಹೊರಟರು. ಆ ಲಿಪಿಯಾದರೋ ಗೆದ್ದಲು ತಿಂದ ಗರಿಯಂತೆ ಛಿದ್ರಛಿದ್ರ; ಮುಟ್ಟಿದವರ ದೇಹಾಂಶವೂ ಅದರೊಳಗೆ ಪ್ರಕ್ಷಿಪ್ತವಾಗಿ ಸೇರಿಬಿಡುವುದು. 1985ರಲ್ಲಿ ಮಮ್ಮಿಯೊಂದರಿಂದ ಪಡೆದು ಪ್ರಕಟಿಸಿದ, ತಮಗೆ ಕೀರ್ತಿ ತಂದ ಪಾಠವೂ ಇಂಥ ಪ್ರಕ್ಷೇಪವಾಗಿರಬಹುದೆಂದು ಅವರೇ ಮುಂದೆ ಒಪ್ಪಿದರು. ಆ ನಿಷ್ಠುರತೆಯಿಂದಲೇ 1997ರಲ್ಲಿ ನಿಯಾಂಡರ್ತಾಲ್ ಮಾನವನ ಮೂಳೆಯಿಂದ ಕೆಲವು ಅಕ್ಷರಗಳೂ, 2010ರಲ್ಲಿ ಜೀನೋಮಿನ ಕರಡುಪ್ರತಿಯೂ ದೊರೆತವು. 2022ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಫಲಿತಾರ್ಥವೇನು? ಆಫ್ರಿಕದ ಹೊರಗಿನ ಮೂಲದ ಇಂದಿನ ಜನರಲ್ಲಿ, ಎಂದರೆ ನಮ್ಮಲ್ಲಿಯೂ, ಸುಮಾರು ಶೇಕಡಾ 1ರಿಂದ 2ರಷ್ಟು ಅಂಶ ಆ ಅಳಿದ ಕುಲದ್ದು. ಗ್ರಂಥಗಳ ಶುದ್ಧ ಮೂಲಪ್ರತಿಯನ್ನು ಅರಸುವುದು ನನ್ನ ವೃತ್ತಿ. ಮನುಷ್ಯನಿಗಾದರೋ ಅಂಥ ಅಮಿಶ್ರ ಪ್ರತಿಯೇ ಇಲ್ಲವೆಂಬುದು ಈ ಪ್ರಾಯದಲ್ಲಿ ನನಗೆ ತಿಳಿಯಿತು. ತರಗತಿಯಲ್ಲಿ ಹುಡುಗರು ಪರಸ್ಪರ ಕುಲವನ್ನು ವಿಚಾರಿಸುವಾಗ ಈಗ ನಾನು ಈ ವೃತ್ತಾಂತವನ್ನು ಹೇಳುತ್ತೇನೆ. ಉತ್ತರವೀಯುವ ಮೊದಲು ಅವರು ಒಂದು ಕ್ಷಣ ಯೋಚಿಸಲಿ ಎಂಬುದಷ್ಟೇ ನನ್ನ ಆಶಯ.